ಮೂರು ಕಾಫಿ, ಐದು ಜನ

ಜೆ.ಪಿ. ನಗರದಲ್ಲಿ ಹೊಸದಾಗಿ ತೆರೆದ ದರ್ಶಿನಿಯೊಂದರ ಕ್ಯಾಷ್ ಕೌಂಟರಿನ ಗಾಜಿನ ಮೇಲೆ, ದೇವರ ಪಟದ ಕೆಳಗೆ, ಕ್ಯೂಆರ್ ಕೋಡಿನ ಪಕ್ಕದಲ್ಲಿ ಮೊನ್ನೆ ಒಂದು ಚೀಟಿ ನೋಡಿದೆ: ‘ಇಲ್ಲಿ ಬೈ ಟು ಕಾಫಿ ಇಲ್ಲ.’ ನೀವೇ ಹೇಳಿ, ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರು ಇದನ್ನು ಓದಿಕೊಂಡು ಸುಮ್ಮನೆ ಹೋಗುವುದಕ್ಕಾಗುತ್ತದೆಯೇ? ನನ್ನ ಜೊತೆಗಿದ್ದ ನಮ್ಮ ಯಜಮಾನರಿಗೆ ನನ್ನ ಉಸಿರಾಟದಲ್ಲೇ ಹವಾಮಾನ ಗೊತ್ತಾಗುತ್ತದೆ. ಅವರು ಮೊಬೈಲಿನಲ್ಲಿ ಏನೋ ಮುಖ್ಯವಾದದ್ದು ಬಂದವರಂತೆ ಅದನ್ನು ಕಣ್ಣಿಗೆ ಹತ್ತಿರ ಹಿಡಿದುಕೊಂಡು ನನ್ನಿಂದ ದೂರ ಸರಿದರು.

“ಯಾಕಪ್ಪಾ, ಬೈ ಟು ಯಾಕಿಲ್ಲ?” ಎಂದೆ.

“ಪಾಲಿಸಿ ಮೇಡಂ,” ಎಂದ ಕೌಂಟರಿನವನು.

“ಯಾವ ಪಾಲಿಸಿ? ಒಂದು ಕಾಫಿ ಕೊಡು, ಒಂದು ಖಾಲಿ ಲೋಟ ಕೊಡು. ನಿಂಗೆ ತೊಂದ್ರೆ ಬೇಡ, ನಾನೇ ಮಾಡ್ಕೋತೀನಿ.”

“ಖಾಲಿ ಲೋಟ ಕೊಡಂಗಿಲ್ಲ ಮೇಡಂ. ಓನರ್ ಬೈತಾರೆ.”

ನಾನು ಸೋಲುವವಳಲ್ಲ. ಒಂದೇ ಕಾಫಿ ತೆಗೆದುಕೊಂಡೆ. ಅವನ ಎದುರಿಗೇ ನಿಂತು, ಸರಿಯಾಗಿ ಅರ್ಧ ಕುಡಿದು, ಉಳಿದದ್ದನ್ನು ಯಜಮಾನರ ಕೈಗೆ ಕೊಟ್ಟೆ. ಎಂಜಲು ಗಿಂಜಲು ಎಂದು ಮನೆಯಲ್ಲಿ ಸ್ಪೂನನ್ನೂ ಬೇರೆ ಇಟ್ಟುಕೊಳ್ಳುವ ಮನುಷ್ಯ, ಗೋಡೆಯ ಕಡೆ ತಿರುಗಿ ಗುಟುಕ್ಕನೆ ಕುಡಿದು ಮುಗಿಸಿದರು. ಕೌಂಟರಿನವನು ನಗುತ್ತಿದ್ದ. ನಗಲಿ. ಅವನ ಪಾಲಿಸಿ ಅವನಿಗೆ, ನನ್ನ ಬೈ ಟು ನನಗೆ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಹಟ ಯಾಕೆ ಎಂದು ನೀವು ಕೇಳಬಹುದು. ಬೈ ಟು ನಮ್ಮ ಮನೆಯಲ್ಲಿ ಜುಗ್ಗತನದ ಮಾತಾಗಿರಲಿಲ್ಲ. ಅದು ನಮ್ಮ ಭಾಷೆ. ನಮ್ಮಪ್ಪ ಜಯನಗರದಲ್ಲಿ ಒಂದು ಪುಟ್ಟ ಹೋಟೆಲು ಇಟ್ಟಿದ್ದರು. ಮುಂದೆ ನಾಲ್ಕೈದು ಟೇಬಲ್ಲು, ಹಿಂದೆ ಅಡಿಗೆಮನೆ, ಅದರ ಹಿಂದೆ ನಮ್ಮ ವಾಸದ ಒಂದು ಕೋಣೆ. ನಾನು ಬೆಳಗಾಗೆದ್ದರೆ ಮೊದಲು ಕಿವಿಗೆ ಬೀಳುತ್ತಿದ್ದದ್ದು ಸುಪ್ರಭಾತವಲ್ಲ, ‘ಒನ್ ಬೈ ಟೂ, ಟೂ ಬೈ ತ್ರೀ’ ಎಂಬ ಕೂಗು. ಒನ್ ಬೈ ಟೂ ಎಂದರೆ ಒಂದು ಕಾಫಿ, ಇಬ್ಬರಿಗೆ. ಟೂ ಬೈ ತ್ರೀ ಎಂದರೆ ಎರಡು ಕಾಫಿ, ಮೂವರಿಗೆ. ಪಾರ್ಕಿನಲ್ಲಿ ವಾಕಿಂಗ್ ಮುಗಿಸಿ ಬರುವ ಪೆನ್ಷನ್ ಯಜಮಾನರುಗಳಿಗೆ ಪೂರ್ತಿ ಲೋಟ ಕಾಫಿ ಕುಡಿಯುವುದೆಂದರೆ ಒಂಥರಾ ಅಸಭ್ಯತೆ. ಹಂಚಿಕೊಂಡು ಕುಡಿದರೇ ಅವರಿಗೆ ಕುಡಿದಂತೆ.

ಅವರಲ್ಲಿ ಇನ್ನೊಂದು ಅಭ್ಯಾಸವಿತ್ತು. ಒಂದು ಟೇಬಲ್ಲಿನಲ್ಲಿ ಇಬ್ಬರು ಕೂತು ಒನ್ ಬೈ ಟೂ ಹೇಳಿರುತ್ತಾರೆ. ಅಷ್ಟರಲ್ಲಿ ಪಕ್ಕದ ಟೇಬಲ್ಲಿಗೆ ಇನ್ನು ಮೂವರು ಬಂದು ಟೂ ಬೈ ತ್ರೀ ಹೇಳುತ್ತಾರೆ. ಆಮೇಲೆ ಮುಖ ಮುಖ ನೋಡಿಕೊಂಡು, “ಏನ್ರೀ ರಾಯ್ರೇ, ನೀವಿಲ್ಲಿ!” ಎಂದು ಟೇಬಲ್ಲುಗಳನ್ನು ದರದರ ಎಳೆದು ಒಂದು ಮಾಡಿಕೊಳ್ಳುತ್ತಾರೆ. ಟೇಬಲ್ಲು ಸೇರಿದ ಮೇಲೆ ಕಾಫಿಯೂ ಸೇರಬೇಕು. ಒಬ್ಬನಿಗೆ ಅರ್ಧ ಲೋಟ, ಇನ್ನೊಬ್ಬನಿಗೆ ಅದಕ್ಕಿಂತ ಚೂರು ಹೆಚ್ಚು ಎಂದರೆ ಸ್ನೇಹದಲ್ಲಿ ಶೋಭಿಸುವುದಿಲ್ಲ. ಆಗ ಅಕ್ಕಿ ಮೂಟೆಯ ಮೇಲೆ ಕೂತು ಇದನ್ನೆಲ್ಲಾ ನೋಡುತ್ತಿದ್ದ ನಾನು ಅಡಿಗೆಮನೆಯ ಕಡೆ ತಿರುಗಿ ಕೂಗುತ್ತಿದ್ದೆ, “ಅಪ್ಪಾ, ತ್ರೀ ಬೈ ಫೈವ್!” ಮೂರು ಕಾಫಿ, ಐದು ಜನ. ಅಪ್ಪ ಐದು ಲೋಟ ಸಾಲಾಗಿಟ್ಟು ಮೇಲಿನಿಂದ ಸುರಿಯುತ್ತಿದ್ದರು. ನೊರೆ ಐದರಲ್ಲೂ ಒಂದೇ ಮಟ್ಟಕ್ಕೆ ನಿಲ್ಲುತ್ತಿತ್ತು. ನನಗಾಗ ಇನ್ನೂ ಎರಡು ಜಡೆ. ಈ ಜಗತ್ತಿನ ಎಲ್ಲ ಲೆಕ್ಕವೂ ನನಗೆ ಗೊತ್ತಿದೆ ಎಂಬ ಧೈರ್ಯವಿತ್ತು.

ಆ ಧೈರ್ಯವನ್ನು ಹೊತ್ತುಕೊಂಡೇ ನಾನು ಶಾಲೆಯ ಕಪ್ಪು ಹಲಗೆಯ ಮುಂದೆ ನಿಂತದ್ದು. ಗಣಿತದ ಮೇಷ್ಟ್ರು ಹಲಗೆಯ ಮೇಲೆ ಒಂದರ ಕೆಳಗೆ ಎರಡು ಬರೆದು, ಪ್ಲಸ್ ಹಾಕಿ, ಎರಡರ ಕೆಳಗೆ ಮೂರು ಬರೆದರು. “ಯಾರು ಮಾಡ್ತೀರಾ?” ಎಂದರು. ನನಗೆ ನಗು ಬಂತು. ಇದನ್ನು ನಾನು ದಿನಾ ಕೂಗುತ್ತೇನಲ್ಲ! ಹೋಗಿ ಸೀಮೆಸುಣ್ಣ ಹಿಡಿದು ಮೂರರ ಕೆಳಗೆ ಐದು ಬರೆದೆ.

“ಹೇಗೆ ಬಂತು?” ಎಂದರು ಮೇಷ್ಟ್ರು.

“ಎರಡು ಟೇಬಲ್ ಸೇರಿಸಿದ್ರೆ ಮೂರು ಕಾಫಿ, ಐದು ಜನ ಸಾರ್.”

ತರಗತಿಯಲ್ಲಿ ಎದ್ದ ನಗು ನನಗೆ ಈಗಲೂ ಕೇಳಿಸುತ್ತದೆ. ಮೇಷ್ಟ್ರು ಮಾತ್ರ ನಗಲಿಲ್ಲ. “ಹೋಟೆಲ್‌ಗೇ ಹೋಗಿ ಲೋಟ ತೊಳಿಯಮ್ಮ. ನಿನ್ನ ತಲೆಗೆ ಲೆಕ್ಕ ಹತ್ತೋದಿಲ್ಲ,” ಎಂದು ಡಸ್ಟರಿನಿಂದ ನನ್ನ ಉತ್ತರವನ್ನು ಒರೆಸಿದರು. ಯಾಕೆ ತಪ್ಪು ಎಂದು ಹೇಳಲಿಲ್ಲ. ಛೇದಗಳು ಬೇರೆ ಬೇರೆ ಇದ್ದಾಗ ಲಸಾಅ ತೆಗೆಯಬೇಕು ಎಂದು ಇನ್ನೊಬ್ಬಳ ಕೈಯಲ್ಲಿ ಮಾಡಿಸಿದರು. ಅವಳು ಏಳರ ಕೆಳಗೆ ಆರು ಎಂದು ಬರೆದಳು. ಏಳು ಕಾಫಿ, ಆರು ಜನ! ಎರಡು ಟೇಬಲ್ಲಿನಲ್ಲಿ ಆ ಇನ್ನೊಬ್ಬ ಎಲ್ಲಿಂದ ಬಂದ, ಆ ನಾಲ್ಕು ಕಾಫಿ ಯಾರು ಹೇಳಿದರು ಎಂದು ನಾನು ಮನೆಯವರೆಗೂ ಯೋಚಿಸುತ್ತಾ ನಡೆದೆ. ಅವತ್ತಿನಿಂದ ಶಾಲೆಯಲ್ಲಿ ನನ್ನ ಹೆಸರು ವನಜ ಅಲ್ಲ, ತ್ರೀ ಬೈ ಫೈವ್. ಎಸ್ಸೆಸ್ಸೆಲ್ಸಿಯಲ್ಲಿ ಮಿಕ್ಕೆಲ್ಲ ವಿಷಯ ಹೇಗೋ ದಾಟಿಕೊಂಡು ಗಣಿತದಲ್ಲಿ ಫೇಲಾದೆ. ಅಲ್ಲಿಗೆ ನನ್ನ ಓದು ನಿಂತಿತು.

ಆಮೇಲಿನ ಇಷ್ಟು ವರ್ಷ ನಾನು ಒಂದು ವಾಕ್ಯವನ್ನು ಹೇಳಿಕೊಂಡು ಬದುಕಿದೆ: “ಅಯ್ಯೋ, ನಂಗೆ ಲೆಕ್ಕ ಬರಲ್ಲಪ್ಪ.” ಚೌಕಾಸಿ ಮಾಡುವಾಗ ಹೇಳಿದೆ, ಚೀಟಿಗೆ ಸೇರು ಎಂದಾಗ ಹೇಳಿದೆ, ಮಗಳು ಹೋಮ್‌ವರ್ಕ್ ಹಿಡಿದುಕೊಂಡು ಬಂದಾಗ ಹೇಳಿದೆ. ಹೇಳಿ ನಗುತ್ತಿದ್ದೆ. ಕೇಳಿದವರೂ ನಗುತ್ತಿದ್ದರು. ಹೆಂಗಸು ಲೆಕ್ಕ ಬರುವುದಿಲ್ಲ ಎಂದರೆ ಎಲ್ಲರಿಗೂ ಅದೇನೋ ಒಂದು ಸಮಾಧಾನ. ಅಡಿಗೆ ಬರುವುದಿಲ್ಲ ಎಂದು ಹೇಳಿ ನೋಡಿ, ಆಗ ಯಾರೂ ನಗುವುದಿಲ್ಲ.

ಈ ವಾಕ್ಯದ ಮೇಲೆ ನನಗೆ ಸಿಟ್ಟು ಬಂದದ್ದು ಒಂದು ಮದುವೆ ವಿಡಿಯೋದಿಂದ. ನೆಂಟರ ಮದುವೆ, ಬನಶಂಕರಿಯ ಒಂದು ಛತ್ರ. ವಿಡಿಯೋದವನು ಊಟದ ಹಾಲಿನಲ್ಲಿ ಕ್ಯಾಮೆರಾ ತಿರುಗಿಸುತ್ತಾ ನನ್ನ ಮುಂದೆ ಬಂದಿದ್ದಾನೆ. ಯಾರೋ ಎಲೆ ಎಷ್ಟು ಎಂದು ಕೇಳಿದ್ದಾರೆ. ನಾನು ಕೈ ಆಡಿಸಿ, “ನಂಗೆ ಲೆಕ್ಕ ಬರಲ್ಲಪ್ಪ, ನನ್ನ ಕೇಳ್ಬೇಡಿ,” ಎಂದು ಬಾಯಿ ತುಂಬಾ ನಗುತ್ತಿದ್ದೇನೆ. ಆಮೇಲೆ ಕ್ಯಾಮೆರಾ ಇನ್ನೂ ನನ್ನ ಮೇಲಿರುವಾಗಲೇ ಆ ನಗು ಥಟ್ಟನೆ ನಿಂತುಹೋಗುತ್ತದೆ. ಮನೆಯ ಸೋಫಾ ಮೇಲೆ ಕೂತು ಅದನ್ನು ನೋಡಿದೆ. ನಗು ನಿಂತ ಮೇಲಿನ ಆ ಮುಖ ನನ್ನದೇ ಎಂದು ಒಪ್ಪಿಕೊಳ್ಳಲು ಕಷ್ಟವಾಯಿತು. ಟೀವಿ ಆರಿಸಿ, “ನಾನು ಎಸ್ಸೆಸ್ಸೆಲ್ಸಿ ಕಟ್ತೀನಿ,” ಎಂದೆ.

ನಮ್ಮ ಯಜಮಾನರು ಖಾಸಗಿ ಕಂಪನಿಯೊಂದರಲ್ಲಿ ದುಡಿದು ರಿಟೈರಾದವರು. ಒಳ್ಳೆಯ ಮನುಷ್ಯ. ಜಗಳವೆಂದರೆ ಆಗದು, ನನ್ನ ಮೇಲೆ ಒಂದು ದಿನವೂ ದನಿ ಎತ್ತಿದವರಲ್ಲ. “ಏನಕ್ಕೆ?” ಎಂದು ಮಾತ್ರ ಕೇಳಿದರು. ವಸಂತಪುರದಲ್ಲಿರುವ ಮಗಳು ಫೋನಿನಲ್ಲಿ, “ಅಮ್ಮಾ, ಈಗ ಅದೆಲ್ಲ ಯಾಕೆ? ಯೋಗ ಕ್ಲಾಸಿಗೆ ಸೇರ್ಕೋ, ಮೈಂಡ್‌ಗೂ ಒಳ್ಳೇದು,” ಎಂದಳು. ಏನಕ್ಕೆ, ಯಾಕೆ. ಕೆಲಸಕ್ಕೇನೂ ಸೇರಬೇಕಾಗಿಲ್ಲ, ಯಾರಿಗೂ ಏನೂ ತೋರಿಸಬೇಕಾಗಿಲ್ಲ. ಆ ಒಂದು ವಾಕ್ಯ ಸುಳ್ಳು ಎಂದು ನನಗೆ ನಾನೇ ಹೇಳಿಕೊಳ್ಳಬೇಕಿತ್ತು. ಅದಕ್ಕೆ ಗಣಿತದ ಪೇಪರಿನಲ್ಲಿ ಪಾಸಾಗಲೇಬೇಕು. ಇದನ್ನೆಲ್ಲ ಬಿಡಿಸಿ ಹೇಳುವ ತಾಳ್ಮೆ ಇಲ್ಲದೆ “ನಂಗೆ ಬೇಕು, ಅದಕ್ಕೆ,” ಎಂದುಬಿಟ್ಟೆ. ಸೈಟು ಕೊಳ್ಳುವ ಗಂಡಸನ್ನು ಯಾರೂ ಯಾಕೆ ಎಂದು ಕೇಳುವುದಿಲ್ಲ, ನನ್ನನ್ನು ಮಾತ್ರ ಎಲ್ಲರೂ ಕೇಳಿದರು.

ಟ್ಯೂಷನ್ನಿಗೆ ಶ್ರೀನಗರಕ್ಕೆ ಹೋಗುತ್ತಿದ್ದೆ. ಕೆಳಗೆ ಹಿಟ್ಟಿನ ಗಿರಣಿ, ಮೇಲೆ ಚೈತ್ರಾ ಎಂಬ ಹುಡುಗಿ ನಡೆಸುವ ಪಾಠದ ಕೋಣೆ. ಗಿರಣಿ ಶುರುವಾದರೆ ಬೆಂಚು ಸಣ್ಣಗೆ ನಡುಗುತ್ತಿತ್ತು, ರಾಗಿಯ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಚೈತ್ರಾ ನನ್ನ ಮಗಳಿಗಿಂತ ಚಿಕ್ಕವಳು, ಎಂಎಸ್ಸಿ ಮಾಡಿದ್ದಾಳೆ. ನನ್ನನ್ನು ನೋಡಿ ಮೊದಲ ದಿನ, “ಮಗು ಎಲ್ಲಿ ಆಂಟಿ?” ಎಂದಳು. “ನಾನೇ ಮಗು,” ಎಂದೆ. ಹಿಂದಿನ ಬೆಂಚಿನ ಹುಡುಗರು, “ಸಖತ್ ಗುರು ಆಂಟಿ,” ಎಂದರು. ಅದು ಹೊಗಳಿಕೆಯೋ ಗೇಲಿಯೋ ವಿಚಾರಿಸಲು ಹೋಗದೆ ಹೊಗಳಿಕೆ ಎಂದೇ ಇಟ್ಟುಕೊಂಡೆ. ಕನ್ನಡಕದ ಕಾರಣಕ್ಕೆ ಮೊದಲ ಬೆಂಚು ನನ್ನದಾಯಿತು.

ಹತ್ತನೆಯ ತರಗತಿಯ ಪಾಠಕ್ಕೆ ಮುಂಚೆ ನನ್ನ ಬುಡ ಹೇಗಿದೆ ನೋಡಬೇಕೆಂದು ಚೈತ್ರಾ ಒಂದು ಹಾಳೆ ಕೊಟ್ಟಳು. ಮೊದಲ ಲೆಕ್ಕ ಯಾವುದು ಎನ್ನುತ್ತೀರಿ? ಒಂದರ ಕೆಳಗೆ ಎರಡು, ಪ್ಲಸ್, ಎರಡರ ಕೆಳಗೆ ಮೂರು. ನನಗೆ ಮೈಯೆಲ್ಲ ಉರಿದುಹೋಯಿತು. ಸರಿಯಾದ ವಿಧಾನ ನನಗೆ ಅಲ್ಪಸ್ವಲ್ಪ ಗೊತ್ತಿತ್ತು. ಆದರೂ ಬೇಕೆಂದೇ, ಪೆನ್ನು ಒತ್ತಿ, ಮೂರರ ಕೆಳಗೆ ಐದು ಎಂದು ಬರೆದುಕೊಟ್ಟೆ. ಏನು ಬೈಯುತ್ತಾಳೋ ಬೈಯಲಿ, ಈ ಸಲ ನಾನೂ ತಿರುಗಿ ಬೈಯುತ್ತೇನೆ ಎಂದು ಸೆರಗು ಸಿಕ್ಕಿಸಿಕೊಂಡು ಕೂತೆ.

ಚೈತ್ರಾ ಹಾಳೆ ನೋಡಿದಳು, ನನ್ನ ಮುಖ ನೋಡಿದಳು. “ಇದು ಹೇಗೆ ಮಾಡಿದ್ರಿ ಆಂಟಿ?” ಎಂದಳು.

ನಾನು ಟೇಬಲ್ಲಿನ ಕಥೆ ಹೇಳಿದೆ. ಜಗಳಕ್ಕೆ ನಿಂತ ದನಿಯಲ್ಲೇ ಹೇಳಿದೆ. ಅವಳು ನಗಲಿಲ್ಲ. ಪೆನ್ನಿನ ಕ್ಯಾಪು ಕಚ್ಚಿಕೊಂಡು ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡಳು.

“ಆಂಟಿ, ಹೋಟೆಲ್‌ನಲ್ಲಿ ನೀವು ಹೇಳಿದ್ದು ಕರೆಕ್ಟೇ. ಟೇಬಲ್ ಸೇರಿಸಿದ್ಮೇಲೆ ಒಬ್ಬೊಬ್ರಿಗೆ ಎಷ್ಟು ಬರುತ್ತೆ ಅಂತ ಕೇಳಿದ್ರೆ ಐದನೇ ಮೂರು ಭಾಗ ಲೋಟ. ಆದ್ರೆ ಇಲ್ಲಿ ಕೇಳ್ತಿರೋದು ಅದಲ್ಲ. ಒಬ್ಬ ಮನುಷ್ಯ ಇದಾನೆ. ಈ ಟೇಬಲ್‌ನಲ್ಲಿ ಅರ್ಧ ಲೋಟ ಕುಡಿದ. ಎದ್ದು ಆ ಟೇಬಲ್‌ಗೆ ಹೋಗಿ ಮೂರನೇ ಎರಡು ಭಾಗ ಕುಡಿದ. ಅವನ ಹೊಟ್ಟೆಗೆ ಒಟ್ಟು ಎಷ್ಟು ಹೋಯ್ತು?”

“ಒಂದು ಲೋಟದ ಮೇಲೇ ಹೋಯ್ತು,” ಎಂದೆ. ಕಾಫಿ ಹೋಟೆಲಿನ ಮಗಳಿಗೆ ಇದನ್ನು ಹೇಳಿಕೊಡಬೇಕೇ?

“ಮತ್ತೆ ನೀವು ಒಂದು ಲೋಟಕ್ಕಿಂತ ಕಮ್ಮಿ ಬರೆದಿದೀರಲ್ಲ? ಎರಡನೇ ಟೇಬಲ್‌ನಲ್ಲಿ ಕುಡಿದಿದ್ದಕ್ಕಿಂತಾನೂ ಕಮ್ಮಿ ಆಗೋಯ್ತು. ಕುಡಿದಿದ್ದೆಲ್ಲಿ ಹೋಯ್ತು ಆಂಟಿ?”

ಚೈತ್ರಾ ಮೂಲೆಯ ಶೆಲ್ಫಿನಿಂದ ಕೆಮ್ಮಿನ ಔಷಧಿಯ ಜೊತೆ ಬರುವ ಪುಟ್ಟ ಪ್ಲಾಸ್ಟಿಕ್ ಅಳತೆ ಲೋಟ ತಂದು ಎದುರಿಗಿಟ್ಟಳು. ಅಂಥ ಆರು ಸೇರಿದರೆ ಒಂದು ಕಾಫಿ ಲೋಟ ಎಂದುಕೊಳ್ಳಿ ಎಂದಳು. ಅರ್ಧ ಲೋಟವೆಂದರೆ ಅಂಥ ಮೂರು. ಮೂರನೇ ಎರಡು ಭಾಗವೆಂದರೆ ಅಂಥ ನಾಲ್ಕು. ಮೂರು ಮತ್ತು ನಾಲ್ಕು ಏಳು. ಆರಕ್ಕೆ ಒಂದು ದೊಡ್ಡ ಲೋಟ ತುಂಬಿತು, ಮೇಲೆ ಒಂದು ಪುಟ್ಟ ಲೋಟ ಉಳಿಯಿತು. ಶಾಲೆಯಲ್ಲಿ ಆ ಹುಡುಗಿ ಬರೆದ ಏಳರ ಕೆಳಗೆ ಆರು ಇದೇ! ಛೇದ ಬೇರೆ ಬೇರೆಯಾದಾಗ ಲಸಾಅ ತೆಗೆಯುವುದೆಂದರೆ ಎರಡಕ್ಕೂ ಒಗ್ಗುವ ಒಂದು ಅಳತೆ ಲೋಟ ಹುಡುಕುವುದು, ಅಷ್ಟೇ.

ನನಗೆ ಅರ್ಥವಾದ ಸಂತೋಷಕ್ಕಿಂತ ಸಿಟ್ಟೇ ಮೊದಲು ಬಂತು. ಇಷ್ಟನ್ನು ಹೇಳುವುದಕ್ಕೆ ಆ ಮೇಷ್ಟ್ರಿಗೆ ಏನಾಗಿತ್ತು? ಹೊಟ್ಟೆಗೆ ಎಷ್ಟು ಹೋಯಿತಮ್ಮಾ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ನನ್ನ ಉತ್ತರಕ್ಕೆ ಒಂದು ಪ್ರಶ್ನೆ ಇತ್ತು, ಅವರು ಅದನ್ನು ಕೇಳಿರಲಿಲ್ಲ. ನಾನು ಈಗಲೂ ಹೇಳುತ್ತೇನೆ, ಟೇಬಲ್ಲು ಸೇರಿಸಿದರೆ ಮೂರು ಕಾಫಿ ಐದು ಜನವೇ. ಯಾವ ಪರೀಕ್ಷಾ ಮಂಡಳಿ ಬಂದರೂ ನಮ್ಮಪ್ಪನ ಹೋಟೆಲಿನಲ್ಲಿ ಏಳು ಕಾಫಿಯನ್ನು ಆರು ಜನಕ್ಕೆ ಕೊಡಲಾಗದು.

ಪ್ಲಸ್ಸು ಒಂದು ತೂಕವಾದರೆ ಮೈನಸ್ಸು ಇನ್ನೊಂದು ತೂಕ. ಮೈನಸ್ ಕಾಫಿ ಎಂಬುದನ್ನು ಯಾವ ಹೋಟೆಲಿನವರೂ ಕಂಡಿಲ್ಲ. ಚೈತ್ರಾ ಲಿಫ್ಟಿನ ಉದಾಹರಣೆ ಕೊಟ್ಟಳು. ಬೇಸ್‌ಮೆಂಟು ಮೈನಸ್ ಒಂದು, ಅದರ ಕೆಳಗಿನದು ಮೈನಸ್ ಎರಡು. “ಮೈನಸ್ ಮುಕ್ಕಾಲು ಮಹಡಿಗೆ ಯಾವನಮ್ಮ ಇಳೀತಾನೆ? ಲಿಫ್ಟ್ ಕೆಟ್ಟಿದ್ರೆ ಮಾತ್ರ,” ಎಂದೆ. ಹುಡುಗರು ಹೋ ಎಂದರು. ಆ ದಿನ ಮೈನಸ್ ಮೂರನೇ ಒಂದಕ್ಕೆ ಮೈನಸ್ ನಾಲ್ಕನೇ ಒಂದನ್ನು ಕೂಡಿಸಲು ಕೊಟ್ಟಿದ್ದಳು. ಮೈನಸ್ಸು ಮೈನಸ್ಸು ಸೇರಿದರೆ ಪ್ಲಸ್ಸು ಎಂದು ಎಲ್ಲೋ ಕೇಳಿದ್ದು ನೆನಪಿತ್ತು. ಅದನ್ನು ಧಾರಾಳವಾಗಿ ಬಳಸಿ ಹನ್ನೆರಡನೇ ಏಳು, ಪ್ಲಸ್, ಎಂದು ಬರೆದೆ. ಅದು ಗುಣಿಸುವಾಗಿನ ನಿಯಮ ಆಂಟಿ, ಕೂಡಿಸುವಾಗ ಅಲ್ಲ ಎಂದಳು. ಯಾವಾಗ ಬೇಕೋ ಆವಾಗ ಬದಲಾಗುವ ನಿಯಮವನ್ನು ನಾನು ಒಪ್ಪುವುದಿಲ್ಲ ಎಂದು ವಾದಿಸಿ ಎದ್ದು ಬಂದೆ.

ಒಪ್ಪಿಸಿದ್ದು ನಮ್ಮ ಮನೆಯ ಸಂಪು. ದಕ್ಷಿಣ ಬೆಂಗಳೂರಿನ ಗಂಡಸರಿಗೆ ಬೆಳಿಗ್ಗೆದ್ದು ಸಂಪಿನ ಮುಚ್ಚಳ ತೆಗೆದು ಬಗ್ಗಿ ನೋಡುವುದು ಒಂದು ಸಂಧ್ಯಾವಂದನೆ. ಕಾವೇರಿ ನೀರು ಬಂದಿದೆಯೋ ಇಲ್ಲವೋ, ಎಷ್ಟಿದೆ, ಮೋಟರ್ ಹಾಕಬಹುದೋ ಬೇಡವೋ. ಮಾರನೆಯ ದಿನ ನಮ್ಮ ಯಜಮಾನರು ಬಗ್ಗಿ ನೋಡಿ ಗೊಣಗುತ್ತಿದ್ದರು. ಹಿಂದಿನ ದಿನ ಒಮ್ಮೆ ಮೋಟರ್ ಹಾಕಿದಾಗ ಸಂಪಿನ ಮೂರನೇ ಒಂದು ಭಾಗ ಖಾಲಿಯಾಗಿತ್ತಂತೆ, ಸಂಜೆ ಬಾಡಿಗೆಯವರು ಹೇಳಿದರೆಂದು ಇನ್ನೊಮ್ಮೆ ಹಾಕಿದಾಗ ಇನ್ನೊಂದು ಕಾಲು ಭಾಗ. ಮೈನಸ್ ಮೂರನೇ ಒಂದು, ಮೈನಸ್ ಕಾಲು! ನಾನೂ ಓಡಿಹೋಗಿ ಬಗ್ಗಿ ನೋಡಿದೆ. ಎರಡು ಸಲ ಮೋಟರ್ ಹಾಕಿದ್ದಕ್ಕೆ ನೀರು ಮೇಲೆ ಏರಿರಲಿಲ್ಲ. ಅರ್ಧಕ್ಕಿಂತ ಕೆಳಗೆ, ಕತ್ತಲಲ್ಲಿ ಎಲ್ಲೋ ಮಿನುಗುತ್ತಿತ್ತು. ಮೈನಸ್ಸಿಗೆ ಮೈನಸ್ಸು ಕೂಡಿಸಿದರೆ ಇನ್ನಷ್ಟು ಕೆಳಗೇ ಇಳಿಯುತ್ತದೆ ಎಂದು ಸಂಪಿನ ಬಾಯಲ್ಲಿ ತಲೆ ಇಟ್ಟುಕೊಂಡೇ ಒಪ್ಪಿದೆ.

ಅದಾದ ಮೇಲೆ ನನ್ನ ಹಾವಳಿ ಯಜಮಾನರಿಗೆ ತಾಳಲಾರದಷ್ಟಾಯಿತು. “ಟ್ಯಾಂಕು ಅರ್ಧ ಇದೆ, ಸಂಪು ಕಾಲು ಇದೆ, ಒಟ್ಟು ಮುಕ್ಕಾಲು ನೀರಿದೆ,” ಎಂದು ಅವರು ಅಭ್ಯಾಸಬಲದಿಂದ ಹೇಳಿದರೆ, “ಮುಕ್ಕಾಲು ಯಾವುದರಲ್ಲಿ?” ಎಂದು ಹಿಡಿದುಕೊಳ್ಳುತ್ತಿದ್ದೆ.

“ಮನೇಲಿ.”

“ಮನೆ ಏನು ಪಾತ್ರೇನಾ? ಟ್ಯಾಂಕ್ ಚಿಕ್ಕದು, ಸಂಪ್ ದೊಡ್ಡದು. ಎರಡಕ್ಕೂ ಒಂದೇ ಅಳತೆ ಮಾಡ್ಕೊಂಡು ಆಮೇಲೆ ಕೂಡಿಸ್ರಿ.”

“ನೀನು ಮೊದ್ಲು ಪಾಸಾಗು ತಾಯಿ,” ಎಂದು ಅವರು ಮೋಟರ್ ಹಾಕಲು ಹೋಗುತ್ತಿದ್ದರು. ನಾನು ಹಿಂದೆಯೇ ಹೋಗಿ ಸಂಪಿನ ಉದ್ದಗಲ ಅಳೆಯಲು ಟೇಪು ಕೇಳುತ್ತಿದ್ದೆ.

ಪರೀಕ್ಷೆ ಬಂತು. ಹಳೆಯ ಅಂಕಗಳು ಈಗ ನಡೆಯುವುದಿಲ್ಲವೆಂದು ಎಲ್ಲ ವಿಷಯವನ್ನೂ ಹೊಸದಾಗಿ ಕಟ್ಟಿದ್ದೆ. ಗಣಿತದ ದಿನ ಶಾಲೆಯ ಗೇಟಿನಲ್ಲಿ ಸೆಕ್ಯುರಿಟಿಯವನು, “ಪೇರೆಂಟ್ಸೆಲ್ಲ ಆ ಕಡೆ ಮೇಡಂ,” ಎಂದು ಕೈ ತೋರಿಸಿದ. ಹಾಲ್ ಟಿಕೆಟ್ಟನ್ನು ಅವನ ಮೂಗಿನ ಹತ್ತಿರ ಹಿಡಿದು ಒಳಗೆ ನಡೆದೆ. ಮೊದಲರ್ಧ ಚೆನ್ನಾಗಿಯೇ ಹೋಯಿತು. ಆಮೇಲೆ ಒಂದು ವರ್ಗ ಸಮೀಕರಣ ಬಂತು. ಬಿಡಿಸಿ, ಸಿಕ್ಕ ಎರಡು ಮೂಲಗಳನ್ನು ಕೂಡಿಸಿ ಎಂದು ಕೇಳಿದ್ದರು. ಬಿಡಿಸಿದೆ. ಒಂದು ಮೂಲ ಮೈನಸ್ ಎರಡನೇ ಒಂದು. ಇನ್ನೊಂದು ಮೂರನೇ ಎರಡು. ಮತ್ತೆ ಅವೇ ಎರಡು! ಗಡಿಯಾರ ನೋಡಿದೆ, ಇನ್ನೂ ಪ್ರಮೇಯ ಬಾಕಿ, ರಚನೆ ಬಾಕಿ. ಮೈನಸ್ ಒಂದು, ಪ್ಲಸ್ ಎರಡು, ಮೇಲೆ ಒಂದು. ಕೆಳಗೆ ಎರಡು, ಮೂರು, ಐದು. ಐದನೇ ಒಂದು ಎಂದು ಬರೆದು, ಕೆಳಗೆ ಗೆರೆ ಎಳೆದು, ಮುಂದಕ್ಕೆ ಓಡಿದೆ. ಪ್ರಮೇಯ ಅರ್ಧಕ್ಕೆ ನಿಂತಿತು, ರಚನೆಗೆ ಕೈವಾರ ತೆಗೆಯುವಷ್ಟರಲ್ಲಿ ಗಂಟೆ ಹೊಡೆಯಿತು.

ಹೊರಗೆ ಬಸ್ ಸ್ಟಾಪಿನಲ್ಲಿ ನಿಂತಾಗ ಹೊಳೆಯಿತು. ಐದನೇ ಒಂದು! ಆರನೇ ಮೈನಸ್ ಮೂರು, ಆರನೇ ನಾಲ್ಕು, ಆರನೇ ಒಂದು ಬರಬೇಕಿತ್ತು. ನಮ್ಮಪ್ಪನ ಹೋಟೆಲಿನಲ್ಲೂ ಒಂದು ಕಾಫಿಯನ್ನು ಐದು ಜನ ಕುಡಿದದ್ದನ್ನು ನಾನು ಕಂಡಿಲ್ಲ. ಎಷ್ಟು ಅಳತೆ ಲೋಟ ಜೋಡಿಸಿ ಕಲಿತರೇನು, ಅವಸರದಲ್ಲಿ ಕೈ ತನ್ನ ಹಳೆಯ ಟೇಬಲ್ಲುಗಳನ್ನೇ ಎಳೆದು ಸೇರಿಸಿತ್ತು. ಬಸ್ ಸ್ಟಾಪಿನಲ್ಲಿ ನನ್ನನ್ನು ನಾನೇ ಕೆಟ್ಟದಾಗಿ ಬೈದುಕೊಂಡೆ. ಪಕ್ಕದಲ್ಲಿದ್ದ ಹೆಂಗಸು ತನ್ನ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಅವತ್ತು ಮನೆಗೆ ಬಂದು ಯಜಮಾನರಿಗೂ ಆ ತಪ್ಪನ್ನು ಹೇಳಿಕೊಂಡೆ. ಆಮೇಲೆ ಫಲಿತಾಂಶ ಮೊಬೈಲಿಗೆ ಬಂತು. ಕನ್ನಡದಲ್ಲಿ ಮಗಳಿಗೆ ಬಂದದ್ದಕ್ಕಿಂತ ಹೆಚ್ಚು. ಸಮಾಜ, ವಿಜ್ಞಾನ ಎಲ್ಲ ಪಾಸು. ಗಣಿತ ಫೇಲು.

ಆಮೇಲೆ ಶುರುವಾಯಿತು ನೋಡಿ ಸಮಾಧಾನದ ಮಳೆ. ಮಗಳು ಫೋನು ಮಾಡಿ, “ಬಿಡಮ್ಮಾ, ಈ ಏಜಲ್ಲಿ ಟ್ರೈ ಮಾಡಿದ್ದೇ ಗ್ರೇಟ್,” ಎಂದಳು. ನಾದಿನಿ, “ಬಿಡಿ ಅತ್ತಿಗೆ, ಏನಾಗ್ಬೇಕಿದೆ ಅದ್ರಿಂದ,” ಎಂದಳು. ಪಕ್ಕದ ಮನೆಯಾಕೆ ಒಂದು ಬಟ್ಟಲು ಪಾಯಸ ತಂದು ಕೊಟ್ಟು, ಬಿಡಿ ಎಂದು ಬೆನ್ನು ಸವರಿ ಹೋದರು. ಎಲ್ಲರೂ ಪ್ರೀತಿಯಿಂದಲೇ ಹೇಳಿದರು. ನನಗೆ ಒಂದೊಂದು ‘ಬಿಡು’ ಕೇಳಿದಾಗಲೂ ಸಿಟ್ಟು ಏರುತ್ತಿತ್ತು. ಯಾಕೆ ಇಷ್ಟು ಸಿಟ್ಟು ಬರುತ್ತಿದೆ ಎಂದು ಅಡಿಗೆಮನೆಯಲ್ಲಿ ನಿಂತು ಯೋಚಿಸಿದೆ. ಪಾಯಸದ ಬಟ್ಟಲನ್ನು ನೋಡುತ್ತಿದ್ದಂತೆ ಗೊತ್ತಾಯಿತು.

ನಾನು ಮೊದಲ ಸಲ ಎಸ್ಸೆಸ್ಸೆಲ್ಸಿ ಕಟ್ಟಿದ ಕಾಲದಲ್ಲಿ ಫಲಿತಾಂಶ ಪೇಪರಿನಲ್ಲಿ ಬರುತ್ತಿತ್ತು. ನನ್ನ ನಂಬರು ಇರಲಿಲ್ಲ. ಅಪ್ಪ ಮತ್ತೆ ಮತ್ತೆ ಹುಡುಕಿ, ಪೇಪರು ಮಡಿಸಿಟ್ಟು, ಒಳಗೆ ಹೋಗಿ ಒಂದು ಲೋಟ ಕಾಫಿ ಮಾಡಿಕೊಂಡು ಬಂದರು. ಪೂರ್ತಿ ಲೋಟ, ನನಗೊಬ್ಬಳಿಗೇ. “ಬಿಡಮ್ಮಾ,” ಎಂದರು. ತಲೆ ಸವರಿದರು. “ಎಲ್ಲಾರ್ಗೂ ಎಲ್ಲಾ ಬರ್ಬೇಕು ಅಂತೇನಿದೆ? ನಿಂಗೆ ಲೆಕ್ಕ ಹತ್ತೋದಿಲ್ಲ, ಬಿಟ್ಟುಬಿಡು. ನಾನಿಲ್ವಾ?” ನನಗೆ ಅಳು ನಿಂತುಹೋಯಿತು. ಎಷ್ಟು ಹಾಯೆನಿಸಿತ್ತೆಂದರೆ, ಅವತ್ತೇ ಪುಸ್ತಕವನ್ನು ಹಳೇ ಪೇಪರಿನವನಿಗೆ ಹಾಕಿದೆ. ಇಷ್ಟು ವರ್ಷ ನಾನು ಮೇಷ್ಟ್ರನ್ನು ಬೈದುಕೊಂಡು ಬಂದಿದ್ದೇನೆ. ಅವರು ಲೋಟ ತೊಳಿ ಎಂದಾಗ ನನಗೆ ಹಟ ಬಂದಿತ್ತು, ತೋರಿಸುತ್ತೇನೆ ಎಂದುಕೊಂಡಿದ್ದೆ. ಮೇಷ್ಟ್ರ ಮಾತನ್ನು ನಾನು ಯಾವತ್ತೂ ನಂಬಿರಲಿಲ್ಲ. ಅದೇ ಮಾತನ್ನು ಅಪ್ಪ ಹೇಳಿದಾಗ ನಂಬಿಬಿಟ್ಟೆ. ಅಪ್ಪನ ಮೇಲೆ ಕೋಪ ಮಾಡಿಕೊಳ್ಳಲು ನನಗೆ ಬರುವುದಿಲ್ಲ, ಆದರೆ ಒಂದು ಮಾತು ಬೈದು ಮತ್ತೆ ಕಟ್ಟು ಎಂದಿದ್ದರೆ ನಾನು ಮತ್ತೆ ಕಟ್ಟುತ್ತಿದ್ದೆ.

ನಮ್ಮ ಯಜಮಾನರು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಂಡರು. “ಬಿಡು ವನಜಾ...” ಎಂದು ಶುರು ಮಾಡಿದರು.

“ಬಿಡು ಅನ್ಬೇಡಿ!” ಎಂದೆ. ನನ್ನ ದನಿ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು. “ಇನ್ಮೇಲೆ ಈ ಮನೇಲಿ ಯಾರೂ ಬಿಡು ಅನ್ನಕೂಡ್ದು. ನನ್ನ ಬೈರಿ.”

“ಏನಂತ ಬೈಲಿ?” ಎಂದರು ಪಾಪ, ಗಾಬರಿಯಾಗಿ.

“ಪಾಸಾಗೋ ಯೋಗ್ಯತೆ ಇರೋಳು ಫೇಲಾದ್ರೆ ಹೇಗೆ ಬೈತಾರೆ? ಹಾಗೆ ಬೈರಿ.”

ಅವರು ಕನ್ನಡಕ ಹಾಕಿಕೊಂಡರು. ಕೆಮ್ಮಿದರು. “ಪರೀಕ್ಷೆ ಹತ್ರ ಇಟ್ಕೊಂಡು ಮಡಿವಾಳಕ್ಕೆ ಗೃಹಪ್ರವೇಶಕ್ಕೆ ಹೋಗಿದ್ಯಲ್ಲ, ಅದು ಬೇಕಿತ್ತಾ?” ಎಂದರು, ಮೆಲ್ಲಗೆ.

“ಅಷ್ಟೇನಾ?”

“ಹೋಗಿ ಸಂಜೆವರೆಗೂ ಕೂತಿದ್ದೆ! ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಇಡೀ ದಿನ ಹೋಯ್ತು! ರಚನೆ ಒಂದು ಸಲ ಪ್ರಾಕ್ಟೀಸ್ ಮಾಡು ಅಂದ್ರೆ ನಾಳೆ ನಾಳೆ ಅಂದೆ. ಸಂಪಿನ ಹತ್ರ ನನ್ನ ಪ್ರಾಣ ತಿಂತೀಯ, ಅಲ್ಲಿ ಹೋಗಿ ಎರಡನೇ ಒಂದು, ಮೂರನೇ ಎರಡು ಕೂಡಿಸೋಕಾಗ್ಲಿಲ್ವಾ ನಿಂಗೆ? ತಲೇಲಿ ಬುದ್ಧಿ ಇಟ್ಕೊಂಡು ಹೀಗೆ ಮಾಡಿದ್ರೆ ಯಾರು ಏನು ಮಾಡೋಕಾಗುತ್ತೆ!” ಅವರ ದನಿ ಏರುತ್ತಲೇ ಹೋಯಿತು. ಕೈ ಬಾಗಿಲಿಗೆ ಬಡಿಯಿತು. ಮೇಲಿನ ಮನೆಯ ಬಾಡಿಗೆಯವರು ಕಿಟಕಿಯಿಂದ ಬಗ್ಗಿ ನೋಡಿದರು. “ಈಗ ವರ್ಷಕ್ಕೆ ಮೂರು ಸಲ ಪರೀಕ್ಷೆ ಇದೆ. ನಾಳೆ ಬೆಳಿಗ್ಗೆನೇ ಹೊರಡು, ಎರಡನೇದಕ್ಕೆ ಕಟ್ಟಿ ಬರೋಣ. ಈ ಸಲ ಏನಾದ್ರೂ ಅವಸರ ಮಾಡಿದ್ಯೋ, ನೋಡು!”

ಮದುವೆಯಾದಾಗಿನಿಂದ ಅವರು ನನ್ನ ಮೇಲೆ ಕೂಗಾಡಿದ್ದು ಅದೇ ಮೊದಲು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡು, ಅಡಿಗೆಮನೆಯ ಸ್ಟೂಲು ಎಳೆದುಕೊಂಡು ಕೂತೆ.

“ಇನ್ನೂ ಸ್ವಲ್ಪ ಬೈರಿ,” ಎಂದೆ.